ಗರಿಕೆ ಭಾವನ ಕೆಂಪು ಬಾವುಟ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ವೆಲ್ಡಿಂಗ್ ಅಂಗಡಿಗೇ ಬಂದು, ಗೇಟಿನ ಕೀಲಿಗೆ ಬೆಸುಗೆ ಹಾಕಿಸಿಕೊಳ್ಳುತ್ತಾ, ನನ್ನ ಮುಖ ನೋಡಿಕೊಂಡೇ ಕೇಳುತ್ತಾರೆ, ಏನಪ್ಪಾ ನಿಮ್ಮ ಭಾವ ಇನ್ನೂ ಆ ಮುಳ್ಳುಕಂಟಿ ಕಾಯ್ತಾ ಕೂತಿದ್ದಾರಾ ಅಂತ. ಜೊತೆಗೆ ಒಂದು ನಗು ಬೇರೆ. ಅಂಥವರ ಗೇಟನ್ನು ಅರ್ಧಕ್ಕೇ ಬಿಟ್ಟು ಹೊರಿಸಿ ಕಳಿಸಿದ್ದೂ ಉಂಟು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಅದನ್ನು ಮುಚ್ಚಿಟ್ಟುಕೊಂಡು ಯಾರಿಗೆ ಏನಾಗಬೇಕಾಗಿದೆ. ಒಬ್ಬೊಬ್ಬರ ಹತ್ತಿರವೂ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಂದು ಸಲ ಬರೆದು ಹಾಕಿಬಿಡೋಣ ಅಂತ ಕೂತಿದ್ದೇನೆ. ಓದಿದವರು ಆಮೇಲೆ ನಗಬೇಕಾದರೆ ನಗಲಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಮೀಸೆ ಮೂಡುವ ವಯಸ್ಸಿಗೆ ಸೇರಿ, ತಲೆ ಬೆಳ್ಳಗಾದ ಮೇಲೆ ಹೊರಗೆ ಬಂದವರು. ಬೋಲ್ಟು ಬಿಗಿಯುವುದು, ಹಳಿ ಎತ್ತಿ ಕೂರಿಸುವುದು ಎಲ್ಲಾ ಬರುತ್ತಿತ್ತು. ಆದರೆ ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಹುಲ್ಲು ಕೀಳುವ ಕೆಲಸ. ಇದು ಸಣ್ಣ ಕೆಲಸ ಅಂತ ಯಾರಾದರೂ ಅಂದುಕೊಂಡರೆ ಅವರು ರೈಲು ಹತ್ತದಿರುವುದು ಒಳ್ಳೆಯದು. ಹಳಿ ಕೂತಿರುವುದು ಮಣ್ಣಿನ ಮೇಲಲ್ಲ, ಜಲ್ಲಿಕಲ್ಲಿನ ಮೇಲೆ. ಮಳೆ ಬಿದ್ದ ಹಾಗೆಯೇ ನೀರು ಆ ಕಲ್ಲಿನ ಸಂದಿಯಲ್ಲಿ ಇಳಿದು ಹೋಗಬೇಕು. ಸಂದಿಯಲ್ಲಿ ಒಂದು ಬೇರು ಕೂತರೆ ಅದು ಧೂಳು ಹಿಡಿಯುತ್ತೆ, ಧೂಳು ನೀರು ಹಿಡಿಯುತ್ತೆ, ನೀರು ನಿಂತ ಕಡೆ ಹಳಿ ಕುಸಿಯುತ್ತೆ. ಅದಕ್ಕೇ ಹುಲ್ಲು ತಲೆ ಎತ್ತುವ ಮೊದಲೇ ಅದರ ಕತ್ತು ಹಿಡಿಯಬೇಕು.

ಭಾವ ಹುಲ್ಲಿನ ಜೊತೆ ಹಗೆ ಸಾಧಿಸುವವರ ಹಾಗೆ ಕೆಲಸ ಮಾಡುತ್ತಿದ್ದರಂತೆ. ಉಳಿದವರು ಗರಿಕೆಯ ಮೇಲ್ಭಾಗ ಕೆರೆದು ಮುಂದೆ ಹೋದರೆ ಇವರು ಮಂಡಿಯೂರಿ ಕೂತು, ಜಲ್ಲಿ ಎತ್ತಿ, ಗೆಣ್ಣು ಗೆಣ್ಣು ಹುಡುಕಿ, ಕೊನೇ ಬೇರು ಕೈಗೆ ಬರುವತನಕ ಏಳುತ್ತಿರಲಿಲ್ಲ. ಅವರ ಗ್ಯಾಂಗಿನ ಮೇಸ್ತ್ರಿ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಲೇ, ನಿಮ್ಮಿಬ್ಬರ ಹಟ ನೋಡಿದರೆ ಇದರಲ್ಲಿ ಗರಿಕೆ ಯಾರು ಅಂತಲೇ ಗೊತ್ತಾಗಲ್ವಲ್ಲೋ" ಅಂದ. ಅವತ್ತಿನಿಂದ ಅವರು ಗರಿಕೆ. ನನ್ನ ಅಕ್ಕನ ಮದುವೆಗೆ ಬಂದ ಗ್ಯಾಂಗಿನವರಿಗೆ ಮದುಮಗನ ನಿಜವಾದ ಹೆಸರೇ ಗೊತ್ತಿರಲಿಲ್ಲ.

ಆ ಮೇಸ್ತ್ರಿಯ ಬಗ್ಗೆಯೂ ಹೇಳಬೇಕು. ಎತ್ತರದ ಆಳು, ಸಿಳ್ಳೆಯ ಹಾಗೆ ತೂರಿ ಹೋಗುವ ದನಿ. ಅವನ ಗ್ಯಾಂಗಿನ ಹಳಿ ಅಂದರೆ ಬಾಚಿದ ತಲೆ ಇದ್ದ ಹಾಗೆ ಇರಬೇಕು. ತನಿಖೆಗೆ ಬಂದ ಸಾಹೇಬರು ಬೇರೆ ಗ್ಯಾಂಗಿನವರಿಗೆ, ಹೋಗಿ ಅಲ್ಲಿ ನೋಡ್ಕೊಂಡು ಬನ್ನಿ ಅಂತ ಹೇಳುತ್ತಿದ್ದರು. ಅದೇ ಅವನ ಆಸ್ತಿ.

ಗ್ಯಾಂಗಿನಲ್ಲಿ ಒಂದು ಕಟ್ಟಳೆ ಇತ್ತು. ಹಳಿ ಬಿಚ್ಚಿ ಕೆಲಸ ಮಾಡುವಾಗ ದೂರದಲ್ಲಿ, ಎರಡು ಹಳಿಗಳ ನಡುವೆ, ಕೆಂಪು ಬಾವುಟ ನೆಡುತ್ತಾರೆ. ಬಾವುಟ ನಿಂತಿದ್ದರೆ ಅದರಾಚೆ ಕೆಲಸ ನಡೀತಿದೆ ಅಂತ ಅರ್ಥ. ರೈಲಾಗಲಿ, ಟ್ರಾಲಿಯಾಗಲಿ, ನಡೆದು ಬರುವ ಸಾಹೇಬನಾಗಲಿ ದಾಟುವ ಹಾಗಿಲ್ಲ. ಕೆಲಸ ಮುಗಿದದ್ದನ್ನು ಕಣ್ಣಾರೆ ನೋಡಿ, ನೆಟ್ಟವನೇ ಅದನ್ನು ಕೀಳಬೇಕು. ಮೇಸ್ತ್ರಿಯಾದರೂ ಇನ್ನೊಬ್ಬ ನೆಟ್ಟ ಬಾವುಟಕ್ಕೆ ಕೈ ಹಾಕುವ ಹಾಗಿಲ್ಲ.

ಸೇರಿದ ಹೊಸದರಲ್ಲಿ ಭಾವ ಇದನ್ನು ಮುರಿದಿದ್ದರು. ನೆಟ್ಟವನು ನೀರು ಕುಡಿಯಲು ಹೋಗಿದ್ದ, ಕೆಲಸ ಮುಗಿದ ಹಾಗೆ ಕಂಡಿತು, ಉಪಕಾರ ಮಾಡೋಣ ಅಂತ ಇವರು ಬಾವುಟ ಕಿತ್ತು ಸುತ್ತಿಟ್ಟರು. ಒಂದು ಜೋಡಣೆ ಇನ್ನೂ ಬಿಚ್ಚಿಕೊಂಡೇ ಇತ್ತು. ಸಾಮಾನಿನ ಟ್ರಾಲಿ ಬಂದು ಹಳಿ ತಪ್ಪಿ ಚರಂಡಿಗೆ ಮಗುಚಿತು. ತಳ್ಳಿಕೊಂಡು ಬರುತ್ತಿದ್ದವರು ಹಾರಿ ಬಿದ್ದು ಬದುಕಿದರು. ಮೇಸ್ತ್ರಿ ಎಲ್ಲರ ಮುಂದೆ ಭಾವನ ಕೆನ್ನೆಗೆ ಬಾರಿಸಿ, "ನೆಟ್ಟ ಕೈಯೇ ಕೀಳಬೇಕು. ನಾನೇ ಸತ್ತು ಬಿದ್ದಿದ್ದರೂ ನನ್ನ ಬಾವುಟ ನೀನು ಮುಟ್ಟಬೇಡ" ಅಂದಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಭಾವನ ಮನೆ ಎರಡೇ ಕೋಣೆಯದು. ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಹಳಿಗೆ. ಅದು ದೊಡ್ಡ ಲೈನಲ್ಲ. ದೊಡ್ಡ ಲೈನಿನಿಂದ ಕವಲೊಡೆದು ಗಿರಣಿಯ ಅಂಗಳದವರೆಗೆ ಹೋಗುವ ಸೈಡಿಂಗು. ಗಿರಣಿಯ ಮೂಟೆಗಳು ಅದರಲ್ಲೇ ಹೋಗುತ್ತಿದ್ದವು. ಹಳಿಯ ಆಚೆ ಬದಿ ನನ್ನ ಅಂಗಡಿ. ಗಿರಣಿ ಮುಚ್ಚಿತು, ವ್ಯಾಗನ್ನು ಬರುವುದು ನಿಂತಿತು, ಸ್ವಲ್ಪ ಸಮಯಕ್ಕೆ ಭಾವನಿಗೂ ಕೆಲಸದಿಂದ ಬಿಡುಗಡೆ ಆಯಿತು. ಕೈಗೆ ಮಾತ್ರ ಬಿಡುಗಡೆ ಆಗಲಿಲ್ಲ. ದಿನಾ ಸಂಜೆ ಹಿಂಬಾಗಿಲು ತೆಗೆದು, ರೈಲೇ ಬರದ ಹಳಿಯ ಮೇಲೆ ಮಂಡಿಯೂರಿ ಹುಲ್ಲು ಕೀಳುತ್ತಿದ್ದರು. ಸತ್ತವನಿಗೆ ದಿನಾ ಕ್ಷೌರ ಮಾಡ್ತಾರೆ ನಿಮ್ಮ ಭಾವ ಅಂತ ಅಕ್ಕ ನನ್ನ ಹತ್ತಿರ ನಗುತ್ತಿದ್ದಳು.

ಆಮೇಲೆ ಒಂದು ಮಳೆಗಾಲದ ಸುರುವಿನಲ್ಲಿ ಅವರ ಸೊಂಟ ಹಿಡಿಯಿತು. ಏಳಲೂ ಆಗದ ಹಾಗೆ ಹಿಡಿಯಿತು. ಹಳಿಯಾದರೂ ಕಾಣಲಿ ಅಂತ ಮಂಚವನ್ನು ಹಿಂದಿನ ಕಿಟಕಿಗೆ ಹಾಕಿಸಿಕೊಂಡರು, ಅದೇ ಕಷ್ಟಕ್ಕಿಟ್ಟುಕೊಂಡಿತು. ಎಣ್ಣೆ ಕುಡಿದು ಕಪ್ಪಾಗಿದ್ದ ಜಲ್ಲಿಯ ಮೇಲೆ ಮೊದಲು ಬೂದಿ ಬಣ್ಣದ ಚುಕ್ಕೆ ಬಂದವು, ಕಲ್ಲಿಗೆ ಚರ್ಮರೋಗ ಬಂದ ಹಾಗೆ. ನೆರಳಿರುವ ಕಡೆ ಹಸಿರು ಪಾಚಿ ಕೂತಿತು. ಹಳಿಯ ಕೆಳಗಿನ ಕೊಳೆತ ಮರದ ಪಟ್ಟಿಗಳ ಮೇಲೆ ಮಖಮಲ್ಲಿನ ಹಾಗೆ ಏನೋ ಹಬ್ಬಿತು. ಭಾವ ಮಲಗಿದಲ್ಲೇ ಬೆವರುತ್ತಿದ್ದರು. ಯಾರಾದರೂ ಹೋಗಿ ಕೀಳಿ ಅಂತ ಗೋಗರೆದರು. ನಿಮ್ಮ ಹಳಿ ನಿಮ್ಮ ಹುಲ್ಲು, ನನಗೆ ಒಲೆ ಉರೀತಿದೆ ಅಂತ ಅಕ್ಕ ಒಳಗೆ ಹೋದಳು. ನಾನು ಕಬ್ಬಿಣ ಬೆಸೆಯೋನು, ಹುಲ್ಲು ಕೀಳೋನಲ್ಲ ಅಂತ ನಾನೂ ಜಾರಿಕೊಂಡೆ.

ಎದ್ದು ಓಡಾಡುವಷ್ಟು ಆದ ದಿನ ಭಾವ ಮೊದಲು ಮಾಡಿದ್ದೇ ಗುದ್ದಲಿ ಹಿಡಿದು ಹೊರಗೆ ಹೋಗಿದ್ದು. ಹಿಂದೆಯೇ ನಾನೂ ಹೋದೆ, ಬಿದ್ದುಗಿದ್ದಾರು ಅಂತ. ಹಳಿಯ ನಡುವೆ ಒಂದು ಎಕ್ಕದ ಗಿಡ ದಪ್ಪ ಎಲೆ ಬಿಟ್ಟುಕೊಂಡು ನಿಂತಿತ್ತು. ಅದರ ಬುಡದ ಜಲ್ಲಿ ಸರಿಸಿದವರು ಹಾಗೇ ನಿಂತರು. ಕಲ್ಲಿನ ಸಂದಿಯಲ್ಲಿ ಚಿಟಿಕೆಯಷ್ಟು ಕಪ್ಪು ಮಣ್ಣು. ಅದನ್ನು ಬೆರಳಿನಲ್ಲಿ ತೆಗೆದು ಮೂಸಿ ನೋಡಿದರು, ನನ್ನ ಮೂಗಿಗೂ ಹಿಡಿದರು.

"ಇದು ಎಲ್ಲಿಂದ ಬಂತೋ?" ಅಂದರು. "ಇಲ್ಲಿಗೆ ನಾವು ಒಂದು ಬೊಗಸೆ ಮಣ್ಣು ತಂದು ಹಾಕಿಲ್ಲ. ಬರೀ ಕಲ್ಲು."

ಪಾಚಿ ಸತ್ತು, ಅದರ ಮೇಲೆ ಧೂಳು ಕೂತು, ಅದರ ಮೇಲೆ ಎಲೆ ಕೊಳೆತು ಆದ ಮಣ್ಣು ಅಂತ ಈಗ ನನಗೂ ಗೊತ್ತು. ಅವತ್ತು ಇಬ್ಬರೂ ಬೆಪ್ಪರ ಹಾಗೆ ನೋಡುತ್ತಾ ನಿಂತಿದ್ದೆವು. ಭಾವ ಆ ಚಿಟಿಕೆ ಮಣ್ಣನ್ನು ತೆಗೆದ ಜಾಗಕ್ಕೇ ಹಾಕಿ, ಮೇಲೆ ಕಲ್ಲು ಮುಚ್ಚಿ, ಹಳಿಯ ಮೇಲೆ ಕೂತರು. "ಅದು ಮೊದಲನೇ ಅಕ್ಷರ ಬರೆಯೋ ಹೊತ್ತಿಗೇ ನಾನು ಅಳಿಸ್ತಾ ಬಂದೆ ಕಣೋ. ಏನು ಬರೀಬೇಕು ಅಂತಿತ್ತೋ ಒಂದು ದಿನಾನೂ ನೋಡ್ಲಿಲ್ಲ" ಅಂದರು.

ಅಂದಿನಿಂದ ನೋಡಲು ಕೂತರು. ಎಕ್ಕದ ಕಾಯಿ ಒಡೆದು ಹತ್ತಿ ಹಾರಿತು, ಹಳಿಯುದ್ದಕ್ಕೂ ಎಕ್ಕ ಎದ್ದಿತು. ಅದರ ನೆರಳಿಗೆ ಹುಲ್ಲು ಬಂತು, ಹುಲ್ಲಿಗೆ ಮಿಡತೆ ಬಂತು, ಮಿಡತೆಗೆ ಓತಿಕ್ಯಾತ, ಅದರ ಹಿಂದೆ ಹಾವು. ಹಾವು ಬಂದ ದಿನ ಅಕ್ಕ ಹಿಂಬಾಗಿಲಿಗೆ ಅಗುಳಿ ಹಾಕಿ, ಇದಕ್ಕಿಂತ ದಿನಾ ಮಾಡ್ತಿದ್ದ ಆ ಕ್ಷೌರಾನೇ ವಾಸಿ ಇತ್ತು ಅಂತ ಇಡೀ ದಿನ ಬೈದಳು. ಪಕ್ಕದ ಬೀದಿಯ ಹಾಲಿನವಳ ಮೇಕೆಗಳು ಹುಲ್ಲಿಗೆ ಬಂದವು. ಅವು ಬೇರೆ ಎಲ್ಲೋ ಜಾಲಿಕಾಯಿ ತಿಂದು ಬಂದು ಇಲ್ಲಿ ಹಿಕ್ಕೆ ಹಾಕಿದವು, ಹಿಕ್ಕೆಯಿಂದ ಜಾಲಿಮುಳ್ಳು ಎದ್ದಿತು. ಕೊನೆಗೆ ತಾವೇ ತಂದ ಮುಳ್ಳು ದಾಟಲಾಗದೆ ಮೇಕೆಗಳೇ ಹೊರಗೆ ನಿಂತು ಅರಚಿದವು. ಅದನ್ನು ನೋಡಿ ಭಾವ ನಕ್ಕಷ್ಟು ಯಾವ ನಾಟಕ ನೋಡಿಯೂ ನಕ್ಕಿರಲಿಲ್ಲ.

ಜಾಲಿಯ ಮೇಲೆ ಹಕ್ಕಿ ಕೂರುವುದು ಸುರುವಾಯಿತು. ಹಕ್ಕಿ ಕೂತ ಕಡೆ ಅತ್ತಿ ಸಸಿ ಎದ್ದವು. ಅಲ್ಲೇ ಭಾವ ಎಡವಿದ್ದು.

ಮುಳ್ಳಿನ ಕೆಳಗೆ ಬಳುಕುತ್ತಿದ್ದ ಸಸಿಗಳನ್ನು ನೋಡಿ ಅವರಿಗೆ ಕರುಳು ಚುರ್ ಅಂದಿತು. ಈ ಮುಳ್ಳು ಮಕ್ಕಳ ಉಸಿರು ಕಟ್ಟಿಸ್ತಿದೆ ಅಂತ ಗುದ್ದಲಿ ಎತ್ತಿಕೊಂಡರು. ಗ್ಯಾಂಗಿನವರ ಕೈ ಹೇಗೆ ಅಂದರೆ, ಒಂದು ಸಲ ಸುರು ಮಾಡಿದರೆ ಹಳಿಯ ಈ ಬದಿ ಒಂದು ಮಾರು, ಆ ಬದಿ ಒಂದು ಮಾರು, ದಾರ ಹಿಡಿದ ಹಾಗೆ ನೇರಕ್ಕೆ ಸವರಿಕೊಂಡು ಹೋಗುತ್ತೆ. ಅತ್ತಿ ಸಸಿ ಮಾತ್ರ ಉಳಿಸಿ ಮಿಕ್ಕಿದ್ದನ್ನೆಲ್ಲ ನುಣ್ಣಗೆ ಬೋಳಿಸಿದರು. ನನ್ನನ್ನು ಅಂಗಡಿಯಿಂದ ಕರೆದು ತೋರಿಸಿದರು. ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ ಸಸಿಗಳು ನಿಂತಿದ್ದವು. ನಾನೂ ಭೇಷ್ ಅಂದೆ.

ಮಾರನೇ ದಿನ ಮಧ್ಯಾಹ್ನಕ್ಕೆ ಮೇಕೆಗಳು ಬಂದವು. ಅವು ಬಿಟ್ಟದ್ದನ್ನು ಬಿಸಿಲು ತಿಂದಿತು. ಉಳಿದದ್ದು ಒಂದೇ ಒಂದು ಸಸಿ, ಹಳಿ ತಿರುಗಿಸುವ ಹಳೇ ಲಿವರಿನ ಬುಡದ್ದು. ಅಲ್ಲಿ ಜಾಲಿ ಕಬ್ಬಿಣಕ್ಕೆ ಸುತ್ತಿಕೊಂಡಿದ್ದರಿಂದ ಭಾವನ ಗುದ್ದಲಿ ಒಳಗೆ ಹೋಗಿರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಹಾಲಿನವಳ ಮನೆ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಬಂದೆ. ಅವಳೇನು ಬಾಯಿ ಇಲ್ಲದವಳೇ, ತಿರುಗಿ ಎರಡರಷ್ಟು ಕೊಟ್ಟಳು. ಬಂದು ನೋಡಿದರೆ ಭಾವ ಗುದ್ದಲಿಯನ್ನು ಗೋಡೆಯ ಮೊಳೆಗೆ ನೇತು ಹಾಕುತ್ತಿದ್ದರು.

"ಮೇಕೆ ಏನ್ ಮಾಡುತ್ತೆ, ಬಾಗಿಲು ತೆಗೆದವನು ನಾನು," ಅಂದರು. "ನಾನು ಶತ್ರು ಅಂದ್ಕೊಂಡಿದ್ದು ಆ ಮಗೂಗೆ ಕಾವಲು ಆಗಿತ್ತು. ಇನ್ನು ಅಲ್ಲಿಗೆ ಕೈ ಹಾಕಲ್ಲ."

ಹಾಕಲೂ ಇಲ್ಲ. ಮುಳ್ಳು ಮತ್ತೆ ಬಂತು, ಹಕ್ಕಿ ಮತ್ತೆ ಕೂತವು, ಅತ್ತಿ ಮತ್ತೆ ಎದ್ದವು, ಈ ಸಲ ಮುಳ್ಳಿನ ತಲೆ ದಾಟಿ ಮೇಲೆ ಹೋದವು. ವರ್ಷಗಳು ಹೋದವು ಅಂತ ಬರೆಯುವುದು ಸುಲಭ, ಕಾದು ಕೂತವರಿಗೆ ಗೊತ್ತು. ನೆರಳು ದಟ್ಟವಾದ ಕಡೆ ಎಕ್ಕ ಒಣಗಿ ಮಾಯವಾಯಿತು. ಮೊದಲು ಬಂದಿದ್ದೇ ಅದು, ಪಾಪ ಅಲ್ವಾ ಭಾವ ಅಂದೆ. ಅವರು, ಅದರ ಪಾಳಿ ಮುಗೀತು, ಮುಂದಿನ ಪಾಳಿಯವರಿಗೆ ನೆಲ ಒಪ್ಪಿಸಿ ಮನೆಗೆ ಹೋಯ್ತು, ಅದರಲ್ಲಿ ಪಾಪ ಏನು ಬಂತು ಅಂದರು.

ಇಷ್ಟಾದ ಮೇಲೆ ಒಂದು ದಿನ ಮೇಸ್ತ್ರಿ ಬಂದ. ವಯಸ್ಸಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಆ ಹಳೇ ಸೈಡಿಂಗು ನೋಡಲು ರೈಲಿನ ಕಡೆಯ ದೊಡ್ಡವರು ಬರುತ್ತಾರಂತೆ, ಹಳೇ ಗ್ಯಾಂಗಿನವರನ್ನು ಸಾಲಾಗಿ ನಿಲ್ಲಿಸಿ ಮಾತಾಡಿಸುತ್ತಾರಂತೆ. ಹಿಂಬಾಗಿಲಿನಲ್ಲಿ ನಿಂತು ನೋಡಿದ ಮೇಸ್ತ್ರಿಯ ಮುಖ ಇಳಿದು ಹೋಯಿತು. ನಮ್ಮ ಗ್ಯಾಂಗಿನ ಹಳಿ ಹೀಗಾಗೋದಾ, ಅದೂ ನಿನ್ನ ಮನೆ ಹಿಂದೆ, ಜನ ಉಗಿಯಲ್ವಾ ಅಂದ. ನಾಳೆ ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ, ಸಂಜೆಯೊಳಗೆ ಹಳಿ ಕನ್ನಡಿ ಆಗಬೇಕು ಅಂದ. ಕೊಡಲಿ, ಗರಗಸ, ಗುದ್ದಲಿ ಎಲ್ಲಾ ಹೊಂದಿಸಿದ್ದನಂತೆ.

ಭಾವ ಬೇಡ ಅಂದರು. ಚಿಟಿಕೆ ಮಣ್ಣಿನಿಂದ ಹಿಡಿದು ಎಲ್ಲಾ ಹೇಳಿದರು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, "ಲೇ ಗರಿಕೆ, ನಿನಗೆ ವಯಸ್ಸಾಯ್ತು. ನೀನು ಕೂತ್ಕೊ, ನಾವು ಮಾಡ್ತೀವಿ" ಅಂತ ಬೆನ್ನು ತಟ್ಟಿ ಹೋದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ಸಂಜೆ ಭಾವ ಅಂಗಡಿಗೆ ಬಂದರು. "ಎದೆಯುದ್ದದ ಒಂದು ಸರಳು ಬೇಕು. ತುದಿ ಚೂಪು ಮಾಡಿಕೊಡು."

ಕೊನೆಗೂ ಮನುಷ್ಯನಿಗೆ ರೋಷ ಬಂತಲ್ಲ ಅಂತ ನನಗೆ ಖುಷಿಯೋ ಖುಷಿ. ಒಳ್ಳೇ ಸರಳು ಆರಿಸಿ, ತುದಿ ಕಾಯಿಸಿ ಬಡಿದು, ಉಜ್ಜಿ ಕೊಟ್ಟೆ. ನಾನು ಬೆಳಿಗ್ಗೆಗೆ ನನ್ನ ದೊಡ್ಡ ಸುತ್ತಿಗೆಯನ್ನೂ ಬಾಗಿಲ ಹತ್ತಿರ ಇಟ್ಟುಕೊಂಡೆ.

ಬೆಳಿಗ್ಗೆ ಗ್ಯಾಂಗಿನವರು ಬಂದರು, ಎಲ್ಲಾ ಭಾವನ ವಾರಗೆಯವರು, ಕೆಲವರ ಬೆನ್ನು ಬಾಗಿತ್ತು, ಹೆಗಲ ಮೇಲೆ ಮಾತ್ರ ಗುದ್ದಲಿ ನೇರ ಇತ್ತು. ಸೈಡಿಂಗು ಸುರುವಾಗುವ ಕಡೆಯಿಂದ ಹಳಿಯ ಮೇಲೆಯೇ ನಡೆದು ಬಂದರು. ಬಂದವರು ಗಕ್ಕನೆ ನಿಂತರು. ಹಳಿಗಳ ನಡುವೆ, ಮುಳ್ಳಿನ ಮುಂದೆ, ನನ್ನ ಸರಳು ನಿಂತಿತ್ತು. ಅದಕ್ಕೆ ಭಾವನ ಟ್ರಂಕಿನಲ್ಲಿದ್ದ ಹಳೇ ಕೆಂಪು ಬಾವುಟ. ಪಕ್ಕದಲ್ಲಿ ಮಗುಚಿದ ಬುಟ್ಟಿಯ ಮೇಲೆ ಭಾವ ಕೂತಿದ್ದರು. ನಾನು ಸುತ್ತಿಗೆ ಹಿಡಿದು ಓಡಿ ಬಂದೆ. ನೀನು ಆಚೆ ನಿಂತ್ಕೊ, ಇದು ಗ್ಯಾಂಗಿನವರ ಮಾತು ಅಂತ ಭಾವ ನನ್ನನ್ನೇ ಗದರಿದರು.

"ಏನೋ ಇದು?" ಅಂದ ಮೇಸ್ತ್ರಿ.

"ಬಾವುಟ, ಮೇಸ್ತ್ರಿ."

"ಅದು ಕಾಣುತ್ತೆ. ರೈಲೇ ಬರದ ಹಳಿಗೆ ಬಾವುಟ ಯಾಕೆ?"

"ಆಚೆ ಕೆಲಸ ನಡೀತಿದೆ."

"ಯಾರು ಮಾಡ್ತಿದಾರೆ? ಒಂದು ಆಳೂ ಕಾಣಲ್ಲ."

ಭಾವ ತಿರುಗಿ ನೋಡದೆ ಹೆಬ್ಬೆರಳಿನಲ್ಲಿ ಹಿಂದೆ ತೋರಿಸಿದರು. "ಅವರೇ ಮಾಡ್ತಿದಾರೆ. ಪಾಳಿ ಮೇಲೆ ಪಾಳಿ. ನಾನು ಕಾವಲು ಅಷ್ಟೆ."

ಗ್ಯಾಂಗಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ. "ಮುಗಿಯೋದು ಯಾವಾಗ?"

"ಸುರು ಮಾಡಿದವನು ನಾನಲ್ಲ, ನನಗೇನು ಗೊತ್ತು. ಮುಗಿದ ಮೇಲೆ ಕೀಳ್ತೀನಿ."

"ನಾನು ಮೇಸ್ತ್ರಿ. ಈಗ ಕೀಳು ಅಂತ ಹೇಳ್ತಿದೀನಿ."

ಭಾವ ಎದ್ದು ನಿಂತರು. ಸೊಂಟ ಹಿಡಿದ ಮನುಷ್ಯ, ಏಳಲು ಹೊತ್ತು ಹಿಡಿಯಿತು. ಮೇಸ್ತ್ರಿಯ ಎದುರು ಮುಖ ಹಿಡಿದು, "ಅವತ್ತಿನ ಕೆನ್ನೆ ಇಲ್ಲೇ ಇದೆ ಮೇಸ್ತ್ರಿ, ಇನ್ನೊಂದು ಬಾರಿಸಿ ಬೇಕಾದರೆ. ಬಾವುಟ ಮಾತ್ರ ನೆಟ್ಟ ಕೈಯೇ ಕೀಳಬೇಕು. ಕಲಿಸಿದವರು ನೀವು" ಅಂದರು.

ಮುಂದೆ ನಿಂತಿದ್ದ ಒಬ್ಬ, ಗ್ಯಾಂಗಿನ ತಮಾಷೆಗಾರ, ವಾತಾವರಣ ತಿಳಿ ಮಾಡೋಣ ಅಂತಲೋ ಏನೋ, ಬಿಡ್ರಪ್ಪಾ ಇದೊಂದು ಬಟ್ಟೆ ಚೂರು ಅಂತ ಸರಳಿಗೆ ಕೈ ಚಾಚಿದ. ಕೈ ಇನ್ನೂ ತಗುಲಿರಲಿಲ್ಲ. ಮೇಸ್ತ್ರಿ ಅದರ ಮೇಲೆ ಫಟಾರನೆ ಹೊಡೆದ.

"ಕೈ ತೆಗಿ," ಅಂದ. "ಅದು ಅವನ ಬಾವುಟ."

ಆ ಮಾತು ಬಾಯಿಂದ ಬಿದ್ದ ಮೇಲೆ ತನಗೇ ಅರ್ಥವಾಗಿರಬೇಕು. ಗುದ್ದಲಿ ಕೆಳಗಿಟ್ಟು ಹಳಿಯ ಮೇಲೆ ಕೂತುಬಿಟ್ಟ. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಬಾವುಟದ ಆಚೆ ಒಂದು ಕಾಲೂ ಇಡಲಿಲ್ಲ. ಒಳಗೆ ನಿಂತು ಎಲ್ಲಾ ನೋಡುತ್ತಿದ್ದ ಅಕ್ಕ ನೀರು ತಂದು ಕೊಟ್ಟಳು, ಅಗುಳಿ ಹಾಕುವುದನ್ನು ಮರೆತು.

ದೊಡ್ಡವರು ಬಂದ ದಿನ ನಾನು ಅಂಗಡಿ ಮುಚ್ಚಿ ನೋಡಲು ಹೋಗಿದ್ದೆ. ಸಾಲಿನ ಮೊದಲಿಗೆ ಮೇಸ್ತ್ರಿ ನಿಂತಿದ್ದ. ಅವರಲ್ಲೊಬ್ಬರು ಮಾತಾಡುತ್ತಾ ಹಳಿಯ ಮೇಲೆ ಮುಂದೆ ಹೆಜ್ಜೆ ಹಾಕಿದರು, ಗಿರಣಿಯ ಕಡೆಗೆ. ಆ ಸಿಳ್ಳೆಯಂಥ ದನಿ ಹಿಂದಿನಿಂದ ತೂರಿ ಬಂತು. "ಅಲ್ಲೇ ನಿಲ್ಲಿ ಸಾಹೇಬ್ರೆ. ಕೆಂಪು ಬಾವುಟ ಇದೆ. ಕೆಲಸ ನಡೀತಿದೆ." ಸಾಹೇಬರು ನಿಂತರು, ಬಾವುಟ ನೋಡಿದರು, ಮುಖ ಸಿಂಡರಿಸಿಕೊಂಡು ಅಲ್ಲಿಂದಲೇ ಹಿಂದೆ ತಿರುಗಿದರು. ಅವರಿಗೆ ಏನು ಅನಿಸಿತೋ ನನಗೆ ಬೇಕಾಗಿಲ್ಲ. ಅವತ್ತಿನಿಂದ ಮೇಸ್ತ್ರಿಯವರನ್ನು ಎದುರಿಗೆ ನಾನು ಏಕವಚನದಲ್ಲಿ ಮಾತಾಡಿಸಿಲ್ಲ. ಬರೆಯುವಾಗ ಹಳೇ ಸಿಟ್ಟು ಬಂದುಬಿಡುತ್ತೆ, ಅದು ಬೇರೆ.

ಬಾವುಟ ಈಗಲೂ ಅಲ್ಲೇ ಇದೆ. ಬಟ್ಟೆ ಬಿಸಿಲಿಗೆ ಬೆಳ್ಳಗಾದಾಗಲೆಲ್ಲ ಅಕ್ಕ ತನ್ನ ಹಳೇ ಕೆಂಪು ಸೀರೆಯ ಒಂದು ತುಂಡು ಹರಿದು ಕೊಡುತ್ತಾಳೆ, ಹಾವಿಗೂ ಇದಕ್ಕೂ ಸೇರಿಸಿ ಬೈದುಕೊಂಡು. ಕಳೆದ ಬೇಸಿಗೆಯಲ್ಲಿ ನೋಡಿದೆ, ಒಳಗಡೆ ಅತ್ತಿಯ ನೆರಳಿಗೆ ಸಿಕ್ಕ ಜಾಲಿಗಳು ನಿಂತಲ್ಲೇ ಒಣಗುತ್ತಿದ್ದವು. ಒಳ್ಳೇ ಸೌದೆ. ಭಾವ, ಅವುಗಳ ಪಾಳಿಯೂ ಮುಗೀತಲ್ಲ, ನಾಲ್ಕು ಕಡಿದುಕೊಂಡು ಬರಲಾ ಅಂದೆ. ಅವರು ಬುಟ್ಟಿಯ ಮೇಲೆ ಕೂತಿದ್ದರು, ಬಾವುಟದ ಈಚೆ.

"ಬಾವುಟ ಕಾಣಲ್ವಾ?" ಅಂದರು.

"ನೀವೇ ನೆಟ್ಟಿದ್ದಲ್ವಾ ಭಾವ. ನೀವು ಹೋಗಿ ತನ್ನಿ."

"ನೆಟ್ಟವನು ಕೀಳಬಹುದು ಕಣೋ. ದಾಟೋ ಹಾಗಿಲ್ಲ."

ಬಾವುಟ ನೆಟ್ಟ ದಿನದಿಂದ ಆ ಮನುಷ್ಯ ಒಳಗೆ ಒಂದು ಹೆಜ್ಜೆ ಇಟ್ಟಿಲ್ಲ. ಅಲ್ಲಿ ಏನೇನು ಬೆಳೆದಿದೆ ಅಂತ ನಮ್ಮ ಹಾಗೆ ಹೊರಗಿನಿಂದಲೇ ಕತ್ತು ಚಾಚಿ ನೋಡುತ್ತಾರೆ. ತಲೆ ಕೆಟ್ಟಿದೆ ಅನ್ನುವವರು ಅನ್ನಲಿ. ಸರಳು ನಾನು ಮಾಡಿಕೊಟ್ಟದ್ದು, ಅಲ್ಲಾಡಿಸಿದರೆ ಅಲ್ಲಾಡುವಂಥದ್ದಲ್ಲ. ಯಾರಿಗಾದರೂ ಕೈ ತುರಿಸಿದರೆ ಒಂದು ಸಲ ಮುಟ್ಟಿ ನೋಡಲಿ. ನನ್ನ ಅಂಗಡಿ ಹಳಿಯ ಆಚೆ ಬದಿಯಲ್ಲೇ ಇದೆ, ಸುತ್ತಿಗೆ ಈಗಲೂ ಬಾಗಿಲ ಹತ್ತಿರವೇ ಇಟ್ಟಿದ್ದೇನೆ.